ಗಾಳಿಯ ಬಾಯಾರಿಕೆ

ಸಹ್ಯಾದ್ರಿಯ ನೆತ್ತಿಯಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 620 ಮೀಟರ್ ಎತ್ತರದಲ್ಲಿ, ಮುಂಬಯಿಯಿಂದ ಪುಣೆಗೆ ಹೊರಟ ರೈಲುಗಾಡಿಯು ಬೋರಘಾಟನ್ನು ಏರಿ ಬಂದು ನಿಲ್ಲುವ ಲೋಣಾವಳಾ ಎಂಬ ಊರು, ಬಯಲಿನ ಬೇಗೆಯನ್ನು ತಾಳಲಾರದವರು ಎಷ್ಟೋ ತಲೆಮಾರುಗಳಿಂದ ಹತ್ತಿ ಬರುತ್ತಿರುವ ಗಿರಿಧಾಮ. ಇಂಥ ಊರಿನಲ್ಲಿದ್ದುಕೊಂಡು ಸಮುದ್ರದ ಜೀವಿಗಳನ್ನು ಸಾಕುವವನು ಮಾಘಮಾಸದ ಚಳಿಗೆ ಅಂಜಬೇಕೇ ಹೊರತು ಬಿಸಿಗೆ ಅಂಜಬೇಕಾದ ಕಾರಣವಿಲ್ಲವೆಂದು ನಾನು ಬಹುಕಾಲ ನಂಬಿದ್ದೆನು. ಆ ನಂಬಿಕೆಯು ಒಂದು ಜ್ಯೇಷ್ಠಮಾಸದ ರಾತ್ರಿ ಮುರಿದುಬಿತ್ತು.

ನಮ್ಮ ನಡುಮನೆಯಲ್ಲಿ, ಪಡುವಣ ಬಿಸಿಲು ತಾಗದ ಗೋಡೆಯ ಬದಿಗೆ, ಎರಡಡಿ ಉದ್ದದ ಒಂದು ಗಾಜಿನ ತೊಟ್ಟಿಯಿದೆ. ಕಲ್ಲುಗಳು ಆಕ್ರಮಿಸಿದ ಸ್ಥಳವನ್ನು ಕಳೆದರೆ ಅದರಲ್ಲಿ ಹಿಡಿಯುವ ಉಪ್ಪುನೀರು 80 ಲೀಟರ್. ಮೊಟ್ಟೆಯೊಡೆದಂದಿನಿಂದ ಮನುಷ್ಯರ ಆರೈಕೆಯಲ್ಲಿಯೇ ಬೆಳೆದ ಒಂದು ಜೊತೆ ಕ್ಲೌನ್ ಮೀನು, ಅಣಬೆಯ ಆಕಾರದ ಒಂದು ಮೃದುಹವಳ, ಮುಚ್ಚಿ ತೆರೆಯುವ ಪುಟ್ಟ ಅಂಗೈಗಳಂತೆ ಹಗಲೆಲ್ಲ ಮಿಡಿಯುತ್ತಿರುವ ಜೆನಿಯಾ ಎಂಬ ಮತ್ತೊಂದು ಮೃದುಹವಳ, ನಾಲ್ಕಾರು ಬಸವನಹುಳುಗಳು: ಇಷ್ಟೇ ಅದರ ಪ್ರಜೆಗಳು. ಹವಳಗಳೆರಡೂ ಪುಣೆಯ ಮಿತ್ರರೊಬ್ಬರು ತಮ್ಮ ತೊಟ್ಟಿಯಲ್ಲಿ ಬೆಳೆದುದನ್ನು ಗುಲಾಬಿಯ ಕಡ್ಡಿಯಂತೆ ಕತ್ತರಿಸಿ ಕೊಟ್ಟ ತುಂಡುಗಳು. ಇದನ್ನು ಇಲ್ಲಿಯೇ ಹೇಳಿಬಿಡುವುದು ಅವಶ್ಯ. ಏಕೆಂದರೆ ನಮ್ಮ ದೇಶದಲ್ಲಿ ಬಂಡೆ ಕಟ್ಟುವ ಹವಳಗಳನ್ನೂ ಕಪ್ಪುಹವಳ, ಬೆಂಕಿಹವಳ, ಕಡಲಬೀಸಣಿಗೆಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಗಿದ್ದು, ಮಾಲವಣದ ಕಡಲಿನಿಂದಾಗಲಿ ಮುರುಡೇಶ್ವರದೆದುರಿನ ನೇತ್ರಾಣಿ ದ್ವೀಪದ ಬುಡದಿಂದಾಗಲಿ ಅಂಥದೊಂದು ಹವಳದ ಚೂರನ್ನು ಕಿತ್ತು ಮನೆಗೆ ತರುವುದು ಹುಲಿಯ ಮರಿಯನ್ನು ಹಿಡಿದು ತರುವಷ್ಟೇ ದೊಡ್ಡ ಅಪರಾಧವಾಗಿದೆ. ಹಾಗಿರುವುದೇ ಸರಿ.

ಆ ವರ್ಷದ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಮ್ಮ ನಡುಮನೆಯ ಗಾಳಿಯೇ 36 ಡಿಗ್ರಿಯಷ್ಟು ಕಾದಿತ್ತು. ತೊಟ್ಟಿಯ ಮೇಲ್ಗಡೆ ನೀರಿನ ಮೈಗೆ ಓರೆಯಾಗಿ ಬೀಸುವಂತೆ ಕಟ್ಟಿದ ಅಂಗೈಯಗಲದ ಎರಡು ಫ್ಯಾನುಗಳು ತಿರುಗುತ್ತಿದ್ದುವು. ನೀರಿನಲ್ಲಿ ಮುಳುಗಿಸಿದ ಉಷ್ಣಮಾಪಕವು ದಿನವಿಡೀ ಇಪ್ಪತ್ತಾರೂವರೆ ಡಿಗ್ರಿಯನ್ನು ಬಿಟ್ಟು ಅಲುಗಲಿಲ್ಲ. ಗಾಳಿಗಿಂತ ಒಂಬತ್ತೂವರೆ ಡಿಗ್ರಿ ತಣ್ಣಗಿದ್ದ ಆ ನೀರಿನಲ್ಲಿ ಜೆನಿಯಾ ನಿಶ್ಚಿಂತೆಯಿಂದ ಮಿಡಿಯುತ್ತಿತ್ತು. ಮುಂದೆ ಜೂನ್ ಮೊದಲ ವಾರ ಬಂತು. ಘಟ್ಟದ ಕೆಳಗಿನಿಂದ ಮೋಡಗಳು ಮೇಲೇರಿ ಬಂದು ಆಕಾಶವನ್ನು ಮುಚ್ಚಿದ್ದುವು, ಮಳೆ ಮಾತ್ರ ಬಿದ್ದಿರಲಿಲ್ಲ. ಕೋಣೆಯ ಗಾಳಿ 31 ಡಿಗ್ರಿಗೆ ಇಳಿದಿತ್ತು. ಅವೇ ಫ್ಯಾನುಗಳು ಅದೇ ವೇಗದಲ್ಲಿ ಬೀಸುತ್ತಿದ್ದುವು. ಆದರೆ ರಾತ್ರಿ ಹತ್ತು ಗಂಟೆಗೆ ನೋಡಿದಾಗ ನೀರಿನ ಉಷ್ಣತೆ 29.6 ಡಿಗ್ರಿ! ಜೆನಿಯಾ ಮುದುಡಿ ಬೂದಿಬಣ್ಣದ ಮುದ್ದೆಯಾಗಿತ್ತು, ಅಣಬೆಹವಳವು ತನ್ನ ಬಾಯಿಗಳನ್ನೆಲ್ಲ ಒಳಗೆಳೆದುಕೊಂಡು ತೊಗಲಿನ ತುಂಡಿನಂತೆ ಬಾಡಿತ್ತು, ಮೀನುಗಳೆರಡೂ ನೀರಿನ ಮೇಲ್ಮೈಗೆ ಬಂದು ಬಾಯ್ದೆರೆಯುತ್ತಿದ್ದುವು. ಗಾಳಿ ಐದು ಡಿಗ್ರಿ ತಣ್ಣಗಾದ ಮೇಲೆ ನೀರು ಮೂರು ಡಿಗ್ರಿ ಬಿಸಿಯಾಗುವುದೆಂದರೇನು? ಆ ರಾತ್ರಿ ನನಗೆ ಅದು ಸುತರಾಂ ಅರ್ಥವಾಗಲಿಲ್ಲ.

ಮೂರು ಡಿಗ್ರಿಯೇನು ಮಹಾ ಎಂದು ಕೇಳುವವರಿಗೆ ಹವಳದ ಒಡಲೊಳಗಿನ ಸಂಸಾರವನ್ನು ಸ್ವಲ್ಪ ವಿವರಿಸಬೇಕು. ಹವಳವು ಗಿಡವಲ್ಲ, ಕಲ್ಲೂ ಅಲ್ಲ, ಪ್ರಾಣಿ. ಅದರ ಜೀವಕೋಶಗಳ ಒಳಗೆ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣಿಸುವ ಹೊಂಗಂದು ಬಣ್ಣದ ಶೈವಲಗಳು ಕೋಟಿಗಟ್ಟಲೆಯಾಗಿ ವಾಸಿಸುತ್ತವೆ. ಅವು ಬೆಳಕನ್ನು ಹೀರಿ ಸಕ್ಕರೆಯನ್ನು ತಯಾರಿಸಿ ಅದರ ಬಹುಭಾಗವನ್ನು ಮನೆಯೊಡೆಯನಿಗೆ ಒಪ್ಪಿಸುತ್ತವೆ. ಒಡೆಯನು ತಾನು ಹೊರಬಿಡುವ ಇಂಗಾಲದ ಡೈಆಕ್ಸೈಡನ್ನೂ ಸಾರಜನಕದ ಕಶ್ಮಲವನ್ನೂ ಅವಕ್ಕೆ ಗೊಬ್ಬರವಾಗಿ ಕೊಡುತ್ತಾನೆ. ಹವಳದ ಬಣ್ಣದಲ್ಲಿ ಬಹುಪಾಲು ಈ ಬಾಡಿಗೆದಾರರದೇ. ಉಷ್ಣತೆ ಮಿತಿ ಮೀರಿದಾಗ ಈ ಒಪ್ಪಂದ ಮುರಿಯುತ್ತದೆ. ಶೈವಲದ ಹಸಿರುಯಂತ್ರವು ಬೆಳಕನ್ನು ಎಂದಿನಂತೆಯೇ ಹೀರುತ್ತಿರುತ್ತದೆ. ಆದರೆ ಹೀರಿದ ಶಕ್ತಿಯನ್ನು ಸಕ್ಕರೆಯಾಗಿ ಪರಿವರ್ತಿಸತಕ್ಕ ಅಂಗಗಳು ಶಾಖದಿಂದ ಕುಂಟತೊಡಗುತ್ತವೆ, ಕೆಟ್ಟ ಭಾಗಗಳನ್ನು ದುರಸ್ತಿ ಮಾಡುವ ವೇಗವೂ ಸಾಲದಾಗುತ್ತದೆ. ಹೀಗೆ ದಾರಿಗಾಣದೆ ಉಳಿದ ಶಕ್ತಿಯು ಆಮ್ಲಜನಕದ ಮೇಲೆ ಹರಿದು ಅದನ್ನು ಉಗ್ರಸ್ವರೂಪಕ್ಕೆ ತಿರುಗಿಸುತ್ತದೆ, ಆ ಉಗ್ರ ಆಮ್ಲಜನಕವು ಶೈವಲವನ್ನೂ ಅದರ ಆಶ್ರಯದಾತನನ್ನೂ ಕೂಡಿಯೇ ಸುಡುತ್ತದೆ. ಆಗ ಹವಳವು ತನ್ನ ಪ್ರಾಣವನ್ನು ಉಳಿಸಿಕೊಳ್ಳಲು ತನಗೆ ಅನ್ನವಿಡುವ ಕೈಗಳನ್ನೇ ಮನೆಯಿಂದ ಹೊರದೂಡುತ್ತದೆ. ಬಣ್ಣ ಹೋಗಿ ಹವಳ ಬಿಳಿಚಿಕೊಳ್ಳುತ್ತದೆ. ಬಿಳಿಚಿದ ಹವಳ ಸತ್ತ ಹವಳವಲ್ಲ, ಉಪವಾಸ ಬಿದ್ದ ಹವಳ. ಬಿಸಿ ಬೇಗ ಇಳಿದರೆ ಅಳಿದುಳಿದ ಶೈವಲಗಳು ಮತ್ತೆ ವೃದ್ಧಿಯಾಗುತ್ತವೆ. ಇಳಿಯದಿದ್ದರೆ ಉಪವಾಸವೇ ಮರಣವಾಗುತ್ತದೆ.

1928-29ರಲ್ಲಿ ಆಸ್ಟ್ರೇಲಿಯಾದ ಮಹಾ ಹವಳದಂಡೆಗೆ ಹೋದ ಬ್ರಿಟಿಷ್ ವಿಜ್ಞಾನಿಗಳ ತಂಡದ ನಾಯಕರಾಗಿದ್ದ ಮಾರಿಸ್ ಯಂಗ್ ಅವರು ಸಹೋದ್ಯೋಗಿ ನಿಕೋಲ್ಸ್ ಅವರೊಡನೆ ಲೋ ಐಲ್ಸ್ ಎಂಬ ಪುಟ್ಟ ದ್ವೀಪದಲ್ಲಿ ಕುಳಿತು, ಕಾದ ನೀರಿನಲ್ಲಿ ಹವಳಗಳು ತಮ್ಮ ಶೈವಲಗಳನ್ನು ಕಳೆದುಕೊಳ್ಳುವುದನ್ನು ಗುರುತಿಸಿ 1931ರಲ್ಲಿ ಪ್ರಕಟಿಸಿದರು. ಅಂದಿಗೆ ಅದು ಜೀವಿಯೊಂದರ ವಿಚಿತ್ರ ಗುಣವಷ್ಟೇ ಆಗಿತ್ತು. ಇಂದು ಸಮುದ್ರಗಳನ್ನು ಉಪಗ್ರಹಗಳಿಂದ ನೋಡುವವರು ಅದನ್ನೇ ಅಳತೆಗೋಲಾಗಿ ಮಾಡಿಕೊಂಡಿದ್ದಾರೆ: ಒಂದು ಕಡಲಿನ ಅತ್ಯಂತ ಬಿಸಿಯಾದ ತಿಂಗಳ ಸರಾಸರಿಗಿಂತ ಒಂದೇ ಒಂದು ಡಿಗ್ರಿ ಹೆಚ್ಚಾದರೆ ಎಚ್ಚರಿಕೆಯ ಗಂಟೆ, ಆ ಒಂದು ಡಿಗ್ರಿ ನಾಲ್ಕು ವಾರ ನಿಂತರೆ ಬಿಳಿಚುವಿಕೆ, ಎಂಟು ವಾರ ನಿಂತರೆ ವ್ಯಾಪಕವಾದ ಸಾವು.

ಒಂದು ಡಿಗ್ರಿ ಎಂಬುದು ಎಷ್ಟು ಅಲ್ಪವೆಂಬುದಕ್ಕೆ ನಮ್ಮ ಊರಿನಲ್ಲಿಯೇ ಒಂದು ಮಾನದಂಡವುಂಟು. ಇಲ್ಲಿಯ ಮಳೆಗಾಲದ ನೀರನ್ನು ಸರೋವರಗಳಲ್ಲಿ ತಡೆದು, ದೈತ್ಯಾಕಾರದ ಕೊಳವೆಗಳಲ್ಲಿ ಘಟ್ಟದ ಕೆಳಗಿನ ಖೋಪೋಲಿಗೆ ದುಮುಕಿಸಿ, ಟಾಟಾ ಸಂಸ್ಥೆಯವರು 1915ರಿಂದ ಮುಂಬಯಿಗೆ ವಿದ್ಯುತ್ತನ್ನು ಒದಗಿಸುತ್ತಿದ್ದಾರೆ. ಆ ಪತನ ಸುಮಾರು 500 ಮೀಟರ್. ನಡುವೆ ಚಕ್ರಗಳನ್ನೇನೂ ತಿರುಗಿಸದೆ ಆ ನೀರು ಹಾಗೆಯೇ ಬಿದ್ದು, ಬಿದ್ದ ರಭಸವೆಲ್ಲ ಶಾಖವಾಗಿ ನೀರಿನಲ್ಲಿಯೇ ಉಳಿದುಬಿಟ್ಟಿತೆನ್ನಿ. ಆಗ ಅದರ ಉಷ್ಣತೆ ಏರುವುದು ಕೇವಲ 1.2 ಡಿಗ್ರಿ! ಒಂದು ಮಹಾನಗರದ ಗಿರಣಿಗಳನ್ನು ನಡೆಸಲು ಸಾಕಾದ ಪತನವು ನೀರಿನ ಉಷ್ಣತೆಯ ಲೆಕ್ಕಕ್ಕೆ ತಂದಾಗ ಹವಳವೊಂದನ್ನು ಬಿಳಿಚಿಸಲು ಸಾಕಾಗುವಷ್ಟೇ. ನೀರು ಅಷ್ಟೊಂದು ಶಾಖವನ್ನು ಸದ್ದಿಲ್ಲದೆ ನುಂಗಿಕೊಳ್ಳುವ ವಸ್ತುವಾದ ಕಾರಣದಿಂದಲೇ ಸಮುದ್ರದ ಉಷ್ಣತೆ ದಿನದಿಂದ ದಿನಕ್ಕೆ ಕದಲುವುದಿಲ್ಲ, ಕದಲದ ನೀರಿನಲ್ಲಿ ವಿಕಾಸಗೊಂಡ ಹವಳಕ್ಕೆ ಕದಲಿಕೆಯನ್ನು ಸಹಿಸುವ ಅಭ್ಯಾಸವೂ ಇಲ್ಲ.

ಆದರೆ 80 ಲೀಟರ್ ಸಮುದ್ರವಲ್ಲ. 1951ರಲ್ಲಿ ಮುಂಬಯಿಯ ಮರೀನ್ ಡ್ರೈವಿನಲ್ಲಿ ತಾರಾಪೊರವಾಲಾ ಮತ್ಸ್ಯಾಲಯವನ್ನು ಕಟ್ಟಿದವರ ಎದುರಿಗೆ ಅರಬೀ ಸಮುದ್ರವೇ ಇತ್ತು. ಕೇವಲ ಗಾಳಿಯ ಗುಳ್ಳೆ ಮತ್ತು ಜೀವಂತ ಬಂಡೆಗಳ ಬಲದಿಂದ ಮನೆಯಲ್ಲಿ ಹವಳವನ್ನು ಬದುಕಿಸಬಹುದೆಂದು 1960ರ ದಶಕದ ಆರಂಭದಲ್ಲಿ ಲೋಕಕ್ಕೆ ತೋರಿಸಿಕೊಟ್ಟ ಲೀ ಚಿನ್ ಎಂಗ್ ಅವರು ಇದ್ದದ್ದು ಜಕಾರ್ತದಲ್ಲಿ, ಹವಳಗಳ ತವರಿನ ಹವೆಯಲ್ಲಿ. ಘಟ್ಟದ ಮೇಲೆ ಕುಳಿತವನು ತನ್ನ ಶಾಖದ ಜಮಾಖರ್ಚನ್ನು ತಾನೇ ಬರೆಯಬೇಕು. ಉಪ್ಪುನೀರಿನ ಒಂದು ಕಿಲೋಗ್ರಾಮ್ ಒಂದು ಡಿಗ್ರಿ ಏರಲು ನಾಲ್ಕು ಕಿಲೋಜೂಲ್ ಬೇಕು. ನನ್ನ ತೊಟ್ಟಿಗೆ ಸುಮಾರು 330. ನೀರನ್ನು ತಿರುಗಿಸುವ ಪಂಪುಗಳು 30 ವಾಟ್, ದೀಪ 50 ವಾಟ್. ಕೂಡಿದರೆ ಸೆಕೆಂಡಿಗೆ 80 ಜೂಲ್. ಶಾಖಕ್ಕೆ ಹೊರಹೋಗುವ ದಾರಿಯೇ ಇಲ್ಲದಿದ್ದರೆ ಒಂದು ಗಂಟೆ ಹತ್ತು ನಿಮಿಷಕ್ಕೆ ನೀರು ಒಂದು ಡಿಗ್ರಿ ಏರುತ್ತದೆ, ಬೆಳಗಿನಿಂದ ಸಂಜೆಯೊಳಗೆ ಹವಳವು ಸತ್ತುಹೋಗುತ್ತದೆ. ಮುಳುಗಿರುವ ಪಂಪು ನುಂಗುವ ವಿದ್ಯುತ್ತೆಲ್ಲ, ಮೊದಲು ಚಲನೆಯಾಗಿ ಆಮೇಲೆ ಘರ್ಷಣೆಯಾಗಿ, ಕಟ್ಟಕಡೆಗೆ ಶಾಖವಾಗಿ ನೀರಿಗೇ ಸೇರುತ್ತದೆಂಬುದನ್ನು ಅನೇಕರು ಗಮನಿಸುವುದಿಲ್ಲ. ಆದುದರಿಂದ ಬಿಸಿಯ ತೊಂದರೆಯಿರುವ ತೊಟ್ಟಿಯಲ್ಲಿ ಮೊಟ್ಟಮೊದಲು ನೋಡಬೇಕಾದದ್ದು ಪಂಪಿನ ಮೇಲೆ ಬರೆದ ವಾಟಿನ ಸಂಖ್ಯೆಯನ್ನು. ಎರಡನೆಯದಾಗಿ ಗಾಜಿನ ಮುಚ್ಚಳವನ್ನು ತೆಗೆದುಬಿಡಬೇಕು, ಮೀನುಗಳು ಹಾರದಂತೆ ಅದರ ಬದಲಿಗೆ ಬಲೆಯ ಚೌಕಟ್ಟನ್ನು ಇಡಬೇಕು. ಮುಚ್ಚಳ ತೆಗೆಯುವುದರಿಂದ ಏನಾಗುತ್ತದೆಂಬುದೇ ಇನ್ನು ಮುಂದಿನ ಕಥೆಯೆಲ್ಲ.

ನಾನು ಹುಟ್ಟಿ ಬೆಳೆದದ್ದು ವಿಜಯಪುರದಲ್ಲಿ. ವೈಶಾಖದ ಉರಿಬಿಸಿಲಿನಲ್ಲಿ ನಮ್ಮ ತಾಯಿಯವರು ಪಡಸಾಲೆಯ ಮೂಲೆಯಲ್ಲಿ ಹಸಿಮರಳಿನ ಮೇಲೆ ಮಣ್ಣಿನ ಹರವಿಯನ್ನು ಕೂರಿಸಿ, ಅದರ ಹೊಟ್ಟೆಗೆ ಒದ್ದೆಬಟ್ಟೆಯನ್ನು ಸುತ್ತುತ್ತಿದ್ದರು. ಹೊರಗೆ ಬಿಸಿಲು 42 ಡಿಗ್ರಿಯಿರಲಿ, ಹರವಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪಾಗಿರುತ್ತಿತ್ತು. ಮಂಗಳೂರಿಗೆ ಮದುವೆಯಾಗಿ ಹೋದ ನನ್ನ ಅಕ್ಕ ಆ ಊರಿನಲ್ಲಿಯೂ ಹೂಜಿಯನ್ನು ತಂದಿರಿಸಿದಳು. ಅಲ್ಲಿ ಬಿಸಿಲು ವಿಜಯಪುರದಷ್ಟು ಏರದು. ಆದರೂ ಹೂಜಿಯ ನೀರು ತಣ್ಣಗಾಗಲಿಲ್ಲ. ಮಣ್ಣು ಸರಿಯಿಲ್ಲವೆಂದು ಬಗೆದು ಆಕೆ ಊರಿಗೆ ಬಂದಾಗ ವಿಜಯಪುರದ ಹರವಿಯನ್ನೇ ಹೊತ್ತುಕೊಂಡು ಹೋದಳು. ಅದೂ ತಣ್ಣಗಾಗಲಿಲ್ಲ. ನನ್ನ ತೊಟ್ಟಿಯ ಒಗಟಿಗೆ ಉತ್ತರವು ಅಕ್ಕನ ಆ ಹರವಿಯಲ್ಲಿ ಐವತ್ತು ವರ್ಷದಿಂದ ಕಾದು ಕುಳಿತಿತ್ತು.

ನೀರು ಆವಿಯಾಗಬೇಕಾದರೆ ಅದರ ಕಣಗಳು ಪರಸ್ಪರರ ಹಿಡಿತವನ್ನು ಹರಿದುಕೊಂಡು ಹೋಗಬೇಕು; ಹರಿದುಕೊಳ್ಳಲು ಬೇಕಾದ ಶಕ್ತಿಯನ್ನು ಅವು ಹಿಂದೆ ಉಳಿಯುವ ನೀರಿನಿಂದಲೇ ಕಿತ್ತುಕೊಳ್ಳುತ್ತವೆ. ಈ ಶಕ್ತಿಯು ಉಷ್ಣಮಾಪಕಕ್ಕೆ ಕಾಣಿಸದೆ ಆವಿಯಲ್ಲಿ ಅಡಗಿ ಹೋಗುವುದರಿಂದ, 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಅದನ್ನು ಅಳೆದ ಜೋಸೆಫ್ ಬ್ಲ್ಯಾಕ್ ಅದಕ್ಕೆ ಗುಪ್ತೋಷ್ಣವೆಂಬ ಅನ್ವರ್ಥನಾಮವನ್ನು ಕೊಟ್ಟರು. ಒಂದು ಲೀಟರ್ ನೀರು ಕೋಣೆಯ ಉಷ್ಣತೆಯಲ್ಲಿ ಆವಿಯಾಗುವಾಗ ಹೊತ್ತೊಯ್ಯುವ ಶಾಖ ಸುಮಾರು 2,430 ಕಿಲೋಜೂಲ್. ನನ್ನ ಇಡೀ ತೊಟ್ಟಿಯನ್ನು ಏಳು ಡಿಗ್ರಿಗೂ ಮಿಕ್ಕಿ ತಣ್ಣಗಾಗಿಸಲು ಸಾಕಾದಷ್ಟು. ಏಪ್ರಿಲಿನಲ್ಲಿ ನನ್ನ ತೊಟ್ಟಿಯಿಂದ ದಿನಕ್ಕೆ ಮೂರು ಲೀಟರ್ ನೀರು ಆರಿಹೋಗುತ್ತಿತ್ತು. ಅದನ್ನು ಇಪ್ಪತ್ತನಾಲ್ಕು ಗಂಟೆಗೆ ಹಂಚಿದರೆ ಹಗಲಿರುಳೂ 84 ವಾಟ್‌ಗಳಷ್ಟು ಶಾಖವನ್ನು ಹೊರಗೆಸೆಯುವ ಯಂತ್ರವಾಯಿತು. ಐದಾರು ವಾಟಿನ ಫ್ಯಾನು ಅಷ್ಟು ಕೆಲಸ ಮಾಡಿತೆಂದರೆ ಅದು ಫ್ಯಾನಿನ ಪರಾಕ್ರಮವಲ್ಲ. ಫ್ಯಾನು ನೀರಿನ ಮೈಮೇಲಿನ ಒದ್ದೆಗಾಳಿಯನ್ನು ಸರಿಸಿ ಒಣಗಾಳಿಯನ್ನು ತಂದು ನಿಲ್ಲಿಸುತ್ತದೆ, ಅಷ್ಟೆ. ನೀರನ್ನು ಕುಡಿಯುವುದು ಆ ಗಾಳಿಯ ಬಾಯಾರಿಕೆ. ಬಿಸಿಲಿನ ಝಳ ಎಷ್ಟೇ ಇರಲಿ, ಗಾಳಿಗೆ ಬಾಯಾರಿಕೆಯಿರುವ ತನಕ ನೀರು ತಂಪಾಗಿರುತ್ತದೆ. ಗಾಳಿ ಹೊಟ್ಟೆತುಂಬ ಕುಡಿದಿದ್ದರೆ ಬಿರುಗಾಳಿಯನ್ನೇ ಬೀಸಿದರೂ ಫಲವಿಲ್ಲ.

ಈ ಬಾಯಾರಿಕೆಯನ್ನು ಅಳೆಯಲು ದುಬಾರಿ ಉಪಕರಣವೇನೂ ಬೇಡ. ಒಂದೇ ಬಗೆಯ ಎರಡು ಉಷ್ಣಮಾಪಕಗಳನ್ನು ತೆಗೆದುಕೊಂಡು, ಒಂದರ ಬುರುಡೆಗೆ ತೆಳುವಾದ ಹಳೆಯ ಪಂಚೆಯ ತುಂಡನ್ನು ಸುತ್ತಿ ನೀರಿನಲ್ಲಿ ನೆನೆಸಿ, ಎರಡನ್ನೂ ಫ್ಯಾನಿನ ಗಾಳಿಗೆ ಹಿಡಿದರೆ, ಒದ್ದೆಯದು ಒಣಗಿನದಕ್ಕಿಂತ ಕೆಳಗಿಳಿದು ಒಂದು ಕಡೆ ನಿಲ್ಲುತ್ತದೆ. ಅದು ನಿಂತ ಗೆರೆಯೇ ಆ ದಿನ ಆ ಕೋಣೆಯಲ್ಲಿ ಬೀಸುಗಾಳಿಯೊಂದರಿಂದಲೇ ನೀರನ್ನು ಇಳಿಸಬಹುದಾದ ಕಟ್ಟಕಡೆಯ ಮೆಟ್ಟಿಲು. ಪಂಪು ದೀಪಗಳ ಶಾಖವೂ ಸೇರುವುದರಿಂದ ತೊಟ್ಟಿಯ ನೀರು ಅದಕ್ಕಿಂತ ಮೇಲೆಯೇ ನಿಲ್ಲುತ್ತದೆ. ಏಪ್ರಿಲಿನ ಆ ಮಧ್ಯಾಹ್ನ ಗಾಳಿ 36 ಡಿಗ್ರಿಯಾದರೂ ಅದರ ಸಾಪೇಕ್ಷ ಆರ್ದ್ರತೆ ಶೇಕಡ 25ರಷ್ಟು ಮಾತ್ರ. ಅಂಥ ಗಾಳಿಯಲ್ಲಿ ಒದ್ದೆ ಉಷ್ಣಮಾಪಕವು ಇಪ್ಪತ್ತೊಂದೂವರೆ ಡಿಗ್ರಿಗೆ ಇಳಿಯುತ್ತದೆ. ನನ್ನ ನೀರಿಗೆ ಐದು ಡಿಗ್ರಿಯ ಇಳಿಜಾರು ಇನ್ನೂ ಮಿಕ್ಕಿತ್ತು. ಜೂನಿನ ಆ ರಾತ್ರಿಯಾದರೋ 31 ಡಿಗ್ರಿಯ ಗಾಳಿಯಲ್ಲಿ ಆರ್ದ್ರತೆ ಶೇಕಡ 80; ಒದ್ದೆ ಉಷ್ಣಮಾಪಕ ನಿಲ್ಲುವುದು 28ರಲ್ಲಿ. ಆ ದಿನ ಆವಿಯಾದ ನೀರು ಮುಕ್ಕಾಲು ಲೀಟರೂ ಇರಲಿಲ್ಲ.

ಇಲ್ಲಿಗೆ ಮುಗಿಯಿತೆಂದರೆ ಇನ್ನೂ ಒಂದು ಸೂಕ್ಷ್ಮವಿದೆ. ಅದು ಹೊಳೆದಾಗ ನಾನು ಕುಳಿತಲ್ಲಿಂದ ಎದ್ದುನಿಂತೆನು. ಆ ರಾತ್ರಿಯ ಗಾಳಿಯಲ್ಲಿ ಇಬ್ಬನಿ ಕಟ್ಟತೊಡಗುವ ಉಷ್ಣತೆಯು 27 ಡಿಗ್ರಿಗಿಂತ ತುಸು ಮೇಲೆ. ಎಂದರೆ, ಹವಳಕ್ಕೆ ಹಿತವಾದ ಇಪ್ಪತ್ತಾರೂವರೆ ಡಿಗ್ರಿಯ ನೀರಿನ ಮೇಲೆ ಆ ಗಾಳಿಯನ್ನು ಬೀಸಿದರೆ ನೀರಿನಿಂದ ಆವಿ ಏಳುವುದರ ಬದಲು ಗಾಳಿಯಲ್ಲಿದ್ದ ಆವಿಯೇ ನೀರಿನ ಮೇಲೆ ಇಬ್ಬನಿಯಾಗಿ ಇಳಿಯುತ್ತದೆ, ಇಳಿಯುವಾಗ ತನ್ನ ಗುಪ್ತೋಷ್ಣವನ್ನೆಲ್ಲ ನೀರಿಗೆ ಸುರಿಯುತ್ತದೆ. ನಾನು ತಣ್ಣಗಾಗಲೆಂದು ಸಂಜೆಯಿಂದ ಓಡಿಸುತ್ತಿದ್ದ ಫ್ಯಾನುಗಳು, ನೀರು ಒದ್ದೆ ಉಷ್ಣಮಾಪಕದ 28 ಡಿಗ್ರಿಗಿಂತ ತಂಪಾಗಿದ್ದಷ್ಟು ಹೊತ್ತೂ ಅದನ್ನು ಕಾಯಿಸುತ್ತಿದ್ದುವು. ವಿಜಯಪುರದ ಮಂದಿ ಬಾಗಿಲಿಗೆ ಲಾವಂಚದ ತಟ್ಟಿಯನ್ನು ಕಟ್ಟಿ ನೀರೆರೆಚಿದರೆ ಮನೆ ತಂಪು. ಕರಾವಳಿಯ ಸೆಕೆಯಲ್ಲಿ ಅದೇ ತಟ್ಟಿಯಿಂದ ಉಸಿರುಗಟ್ಟುತ್ತದೆ. ಲೋಣಾವಳಾ ಈ ಎರಡು ಹವೆಗಳ ನಡುವೆ ಘಟ್ಟದಂಚಿನಲ್ಲಿ ಕುಳಿತಿದೆ: ಚೈತ್ರದಲ್ಲಿ ಅದು ದಖನ್ನಿನ ಒಣಹವೆಯ ವಿಜಯಪುರ, ರೋಹಿಣಿ ಕಳೆದು ನಮ್ಮ ಕಡೆಯ ರೈತರು ಮಿರಗವೆನ್ನುವ ಮೃಗಶಿರಾ ಮಳೆ ಹಿಡಿಯುವ ಮುನ್ನಿನ ಹತ್ತು ಹನ್ನೆರಡು ದಿನ ಮಾತ್ರ ಅದು ಸೆಕೆಯ ಮಂಗಳೂರು. ಮಳೆ ಹಿಡಿದ ಮೇಲೆ ಗಾಳಿ ಪೂರ್ತಿ ತೊಯ್ದೇ ಇದ್ದರೂ 24 ಡಿಗ್ರಿಗೆ ಇಳಿದುಬಿಡುವುದರಿಂದ ಭಯವಿಲ್ಲ. ವರ್ಷದ ಅಪಾಯವೆಲ್ಲ ಉಷ್ಣಮಾಪಕ ಅತ್ಯಂತ ಮೇಲೇರುವ ತಿಂಗಳಿನಲ್ಲಿರದೆ, ಬಿಸಿಯೂ ಹಸಿಯೂ ಒಂದಕ್ಕೊಂದು ಕೈಹಿಡಿಯುವ ಆ ಸಂಧಿಕಾಲದಲ್ಲಿದೆ.

ಆ ರಾತ್ರಿ ಮೊದಲು ಮಾಡಬೇಕಾಗಿದ್ದದ್ದು ಮೀನುಗಳ ಉಸಿರನ್ನು ಉಳಿಸುವುದು. ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ: ಸಮುದ್ರಮಟ್ಟದಲ್ಲಿ 26 ಡಿಗ್ರಿಯ ಕಡಲನೀರು ಲೀಟರಿಗೆ 6.6 ಮಿಲಿಗ್ರಾಮ್ ಹಿಡಿದರೆ 30 ಡಿಗ್ರಿಯದು ಹಿಡಿಯುವುದು 6.2. ನಮ್ಮ ಎತ್ತರದಲ್ಲಿ ವಾಯುವಿನ ಒತ್ತಡವೇ ನೂರಕ್ಕೆ ಏಳು ಪಾಲು ಕಡಿಮೆಯಾದ್ದರಿಂದ ಎರಡೂ ಸಂಖ್ಯೆಗಳು ಅದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಅದರ ಮೇಲೆ, ಶಾಖವೇರಿದಂತೆ ಮೀನು, ಹವಳ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಾದಿಯಾಗಿ ಎಲ್ಲರ ಉಸಿರಾಟವೂ ತೀವ್ರವಾಗುತ್ತದೆ; ಹಗಲು ಆಮ್ಲಜನಕವನ್ನು ಕೊಡುತ್ತಿದ್ದ ಶೈವಲಗಳು ರಾತ್ರಿ ತಾವೂ ಬೇಡುವವರ ಸಾಲಿನಲ್ಲಿ ನಿಲ್ಲುತ್ತವೆ. ಮೇಲ್ಮೈಯನ್ನು ಕಲಕುವಂತೆ ಪಂಪಿನ ಮೂತಿಯನ್ನು ಮೇಲಕ್ಕೆ ತಿರುಗಿಸಿ, ಗಾಳಿಗುಳ್ಳೆಯ ಯಂತ್ರವೊಂದನ್ನು ಇಳಿಬಿಟ್ಟ ಹತ್ತು ನಿಮಿಷದಲ್ಲಿ ಮೀನುಗಳು ಕೆಳಗಿಳಿದುವು.

ತರುವಾಯ ಮಂಜುಗಡ್ಡೆ. ಒಂದು ಲೀಟರಿನ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ನೀರನ್ನು ಮುಚ್ಚಳ ಬಿಗಿದೇ ತೊಟ್ಟಿಯಲ್ಲಿ ತೇಲಬಿಟ್ಟರೆ, ಅದು ಕರಗಿ ನೀರಿನ ಉಷ್ಣತೆಗೆ ಬರುವಷ್ಟರಲ್ಲಿ ನನ್ನ ತೊಟ್ಟಿಯನ್ನು ಸುಮಾರು 1.4 ಡಿಗ್ರಿ ಇಳಿಸಬಲ್ಲುದು. ಗಡ್ಡೆಯನ್ನು ನೇರವಾಗಿ ನೀರಿಗೆ ಹಾಕಕೂಡದು. ಉಪ್ಪಿನ ಹದ ಕೆಡುತ್ತದೆ, ನಲ್ಲಿಯ ಕ್ಲೋರಿನ್ನೂ ಸೇರುತ್ತದೆ. ಒಟ್ಟಿಗೆ ಮೂರು ನಾಲ್ಕು ಬಾಟಲಿಗಳನ್ನು ತುರುಕಿ ಅರ್ಧ ಗಂಟೆಯಲ್ಲಿ ನಾಲ್ಕು ಡಿಗ್ರಿ ಇಳಿಸುವುದೂ ಆಪತ್ತೇ. ಬಿಸಿಯಿಂದ ಬಳಲಿದ ಜೀವಕ್ಕೆ ದಿಢೀರನೆ ಬಂದ ಚಳಿ ಎರಡನೆಯ ಪೆಟ್ಟು. ಗಂಟೆಗೆ ಅರ್ಧ ಡಿಗ್ರಿಯಷ್ಟು ಇಳಿಯಲೆಂದು ಬಾಟಲಿಯನ್ನು ಆಗಾಗ್ಗೆ ತೆಗೆಯುತ್ತ ಇಡುತ್ತ ನಾನು ಮತ್ತು ನನ್ನ ಪತ್ನಿ ಬೆಳಗಿನ ಜಾವದವರೆಗೆ ಸರದಿಯ ಮೇಲೆ ಎಚ್ಚರವಿದ್ದೆವು.

ಮಾರನೆಯ ದಿನ ದೀಪ ಹಚ್ಚಲಿಲ್ಲ. ಇದು ಉಳಿದೆಲ್ಲ ಉಪಾಯಗಳಿಗಿಂತ ಸುಲಭವಾದದ್ದು, ಹೆಚ್ಚು ಮಂದಿ ಮರೆಯುವಂಥದು. ದೀಪವಾರಿಸಿದರೆ 50 ವಾಟಿನ ಶಾಖವು ಉಳಿಯುವುದು ಒಂದು ಲಾಭ. ಅದಕ್ಕಿಂತ ದೊಡ್ಡ ಲಾಭ ಹವಳದ ಒಳಗೆ. ಶೈವಲವನ್ನು ಸುಡುವುದು ಬರಿಯ ಶಾಖವಲ್ಲ, ಶಾಖದಿಂದ ಕುಂಟುತ್ತಿರುವ ಯಂತ್ರದ ಮೇಲೆ ಬೀಳುವ ಬೆಳಕು ಎಂಬುದನ್ನು ಮೇಲೆ ಹೇಳಿದೆನಷ್ಟೆ. ಬೆಳಕನ್ನು ತಗ್ಗಿಸಿದರೆ ಉಗ್ರ ಆಮ್ಲಜನಕದ ಉತ್ಪತ್ತಿಯೇ ತಗ್ಗುತ್ತದೆ. ಮೋಡ ಕವಿದ ಬೇಸಗೆಯಲ್ಲಿ ಕಡಲ ಹವಳಗಳು ಕಡಿಮೆ ಬಿಳಿಚುವುದೂ ಇದೇ ಕಾರಣದಿಂದ. ಎರಡು ಮೂರು ದಿನದ ಮಬ್ಬುಗತ್ತಲೆಯನ್ನು ಯಾವ ಹವಳವಾದರೂ ಸಹಿಸುತ್ತದೆ.

ಶಾಶ್ವತವಾದ ಪರಿಹಾರಕ್ಕೆ ಎರಡು ದಾರಿಗಳಿದ್ದುವು. ಒಂದು, ಚಿಲ್ಲರ್ ಎಂಬ ಶೀತಕಯಂತ್ರ. ಅದು ತಂಗಳುಪೆಟ್ಟಿಗೆಯ ತಮ್ಮ. ನೀರಿನಿಂದ ಶಾಖವನ್ನು ಎತ್ತಿ, ತಾನು ಬಳಸಿದ ವಿದ್ಯುತ್ತಿನ ಶಾಖವನ್ನೂ ಅದಕ್ಕೆ ಕೂಡಿಸಿ ಬೆನ್ನಿನಿಂದ ಹೊರಗೆ ಊದುತ್ತದೆ. ಶಾಖವನ್ನು ಅದು ನಾಶಮಾಡುವುದಿಲ್ಲ, ಸ್ಥಳಾಂತರಿಸುತ್ತದೆ. ತೊಟ್ಟಿಯ ಕೆಳಗಿನ ಮುಚ್ಚಿದ ಕಪಾಟಿನಲ್ಲಿ ಅದನ್ನು ಇಟ್ಟುಬಿಟ್ಟರೆ ಹೊರಹಾಕಿದ ಶಾಖ ಕಪಾಟಿನ ಹಲಗೆಯ ಮೂಲಕ ತಿರುಗಿ ತೊಟ್ಟಿಗೇ ಬರುತ್ತದೆ. ನಾನು ಕೊಳವೆಗಳನ್ನು ಉದ್ದಮಾಡಿ ಯಂತ್ರವನ್ನು ಹಿತ್ತಲ ಜಗಲಿಯ ಮೇಲೆ ಕೂರಿಸಿದೆನು. ಇನ್ನೊಂದು ದಾರಿ ಕೋಣೆಗೆ ಏಸಿ. ಅದು ಗಾಳಿಯನ್ನು ತಂಪುಮಾಡುವುದರ ಜೊತೆಗೆ ಅದರ ತೇವವನ್ನು ಹಿಂಡಿ ಹೊರಗೆ ತೊಟ್ಟಿಕ್ಕಿಸುತ್ತದೆ. 27 ಡಿಗ್ರಿಯ ಗಾಳಿಯಲ್ಲಿ ಆರ್ದ್ರತೆ 55ಕ್ಕೆ ಇಳಿದರೆ ಒದ್ದೆ ಉಷ್ಣಮಾಪಕ ಇಪ್ಪತ್ತರ ಆಸುಪಾಸಿಗೆ ಬರುತ್ತದೆ, ಕೆಲಸಕ್ಕೆ ಬಾರದೆ ಹೋಗಿದ್ದ ಫ್ಯಾನಿಗೆ ಮತ್ತೆ ಜೀವ ಬರುತ್ತದೆ. ಮನೆಯವರೂ ಅದೇ ಕೋಣೆಯಲ್ಲಿ ಮಲಗುವುದಾದರೆ ಇದು ಒಳ್ಳೆಯದು. ತೊಟ್ಟಿಯೊಂದಕ್ಕಾಗಿಯೇ ಆದರೆ ಚಿಲ್ಲರಿಗೆ ಕರೆಂಟು ಕಡಿಮೆ. ಆದರೆ ಮುಂಗಾರಿನ ಗುಡುಗು ಸಿಡಿಲುಗಳ ಆ ದಿನಗಳಲ್ಲಿಯೇ ಕರೆಂಟು ಹೋಗುವುದೂ ಹೆಚ್ಚು. ಇವೆರಡನ್ನೂ ಸಾಧಾರಣ ಇನ್ವರ್ಟರು ಎಳೆಯದು. ಗಾಳಿಗುಳ್ಳೆಯ ಯಂತ್ರವನ್ನೂ ಒಂದು ಪಂಪನ್ನೂ ಎಳೆಯುತ್ತದೆ. ತಂಗಳುಪೆಟ್ಟಿಗೆಯಲ್ಲಿ ಮೇ ತಿಂಗಳಿಡೀ ನಾಲ್ಕು ಮಂಜಿನ ಬಾಟಲಿಗಳು ತಯಾರಾಗಿರತಕ್ಕದ್ದು.

ಆವಿಯಾಗಿ ಹೋಗುವುದು ನೀರೇ ಹೊರತು ಉಪ್ಪಲ್ಲ ಎಂಬುದನ್ನೂ ಮರೆಯಬಾರದು. ದಿನಕ್ಕೆ ಮೂರು ಲೀಟರ್ ಆರುವ ತೊಟ್ಟಿಗೆ ಮೂರು ದಿನ ನೀರು ಹಾಕದಿದ್ದರೆ ಕಿಲೋಗ್ರಾಮಿಗೆ 35 ಗ್ರಾಮ್ ಇದ್ದ ಉಪ್ಪು 39ಕ್ಕೆ ಏರುತ್ತದೆ. ಬಿಸಿಯಿಂದ ಪಾರಾದ ಹವಳ ಉಪ್ಪಿನಿಂದ ಸಾಯುತ್ತದೆ. ಆರಿದಷ್ಟನ್ನು ದಿನದಿನವೂ ಶುದ್ಧೀಕರಿಸಿದ ಸಿಹಿನೀರಿನಿಂದ ತುಂಬಬೇಕು, ಉಪ್ಪುನೀರಿನಿಂದಲ್ಲ.

ಬಾಟಲಿಗಳನ್ನು ತೆಗೆದಿರಿಸುತ್ತ ಕುಳಿತ ಆ ರಾತ್ರಿ ನನ್ನ ಮನಸ್ಸೆಲ್ಲ ಲಕ್ಷದ್ವೀಪದ ಕಡೆಗೆ ಹರಿಯುತ್ತಿತ್ತು. 1998ರಲ್ಲಿ, 2010ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ ಅಲ್ಲಿಯ ಕಡಲು ಕಾದು ಹವಳಗಳು ಬಿಳಿಚಿದುವು. 2024ರ ಏಪ್ರಿಲಿನಲ್ಲಿ ಜಗತ್ತಿನ ನಾಲ್ಕನೆಯ ಸಾರ್ವತ್ರಿಕ ಬಿಳಿಚುವಿಕೆಯು ನಡೆಯುತ್ತಿದೆಯೆಂದು ವಿಜ್ಞಾನಿಗಳು ಸಾರಿದರು. ಅಲ್ಲಿಯೂ ಸಮುದ್ರವು ತನ್ನ ಮೈಯ ಬಿಸಿಯನ್ನು ಇಳಿಸಿಕೊಳ್ಳುವ ಮುಖ್ಯ ಮಾರ್ಗವೆಂದರೆ ಆವಿಯೇ, ಬೀಸುವ ಗಾಳಿಯೇ. ಗಾಳಿ ವಾರಗಟ್ಟಲೆ ಸತ್ತು, ಆಕಾಶ ನಿರ್ಮಲವಾಗಿ, ನೀರು ಕನ್ನಡಿಯಂತೆ ನಿಂತಾಗ ಲಗೂನಿನ ಹವಳಕ್ಕೆ ಆಗುವುದು ನನ್ನ ತೊಟ್ಟಿಯ ಹವಳಕ್ಕೆ ಆದದ್ದೇ. ಎರಡಡಿಯ ಗಾಜಿನಲ್ಲಿ ನಾನು ಕಂಡ ಆ ಬೂದಿಬಣ್ಣ ಅಲ್ಲಿ ಮೈಲಿಗಟ್ಟಲೆ ಹರಡುತ್ತದೆಂಬುದನ್ನು ನೆನೆದಾಗ ನನಗೆ ನಿದ್ರೆ ಬರಲಿಲ್ಲ.

ಜೆನಿಯಾ ಉಳಿಯಲಿಲ್ಲ, ಮೂರನೆಯ ದಿನ ಕರಗಿ ಹೋಯಿತು. ಅಣಬೆಹವಳವು ಐದು ದಿನ ಮುಚ್ಚಿಕೊಂಡೇ ಇದ್ದು, ಆರನೆಯ ದಿನ, ಮಿರಗದ ಮೊದಲ ಜಡಿಮಳೆ ಹೆಂಚಿನ ಮೇಲೆ ಅಪ್ಪಳಿಸುತ್ತಿದ್ದ ಸಂಜೆ, ಅಂಚಿನಲ್ಲಿ ನಾಲ್ಕೈದು ಬಾಯಿಗಳನ್ನು ತೆರೆಯಿತು. ಅದರ ಕಂದುಬಣ್ಣ ಪೂರ್ತಿಯಾಗಿ ಹಿಂದಿರುಗಲು ಗಣೇಶಚತುರ್ಥಿ ಬರಬೇಕಾಯಿತು. ಉಷ್ಣತೆಯನ್ನು ಗುರುತುಹಾಕುವ ನನ್ನ ಪುಸ್ತಕದಲ್ಲಿ ಅಲ್ಲಿಯವರೆಗೆ ಎರಡೇ ಅಂಕಣಗಳಿದ್ದುವು, ಗಾಳಿಯದೊಂದು, ನೀರಿನದೊಂದು. ಅಂದಿನಿಂದ ಮೂರನೆಯದನ್ನು ಗೆರೆಯೆಳೆದು ಸೇರಿಸಿದ್ದೇನೆ. ಪಂಚೆಯ ತುಂಡು ಸುತ್ತಿದ ಉಷ್ಣಮಾಪಕವನ್ನು ಬೆಳಿಗ್ಗೆ ಸಂಜೆ ನೋಡಿ ಅದರಲ್ಲಿ ಬರೆಯುತ್ತೇನೆ. ಮೇ ತಿಂಗಳಲ್ಲಿ ಆ ಸಂಖ್ಯೆ 25ನ್ನು ಮುಟ್ಟಿದ ದಿನ ಫ್ಯಾನುಗಳನ್ನು ನಿಲ್ಲಿಸಿ, ಜಗಲಿಯ ಮೇಲಿನ ಚಿಲ್ಲರಿನ ಗುಂಡಿಯನ್ನು ಒತ್ತುತ್ತೇನೆ.